ವಾಲ್ವ್ ಮೇಲಿನ ಕಾರ್ಬನ್: ಬಾಟಲಿ, ಹೈವೇ, ಹೈಡ್ರೋಜನ್, ಸ್ಪ್ರೇ, ವಾಲ್‌ನಟ್. ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು?

ಹಳೆಯ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಮಾತು ಕೇಳಿಯೇ ಕೇಳುತ್ತಾರೆ: "ಕಾರ್ಬನ್ ಕಟ್ಟಿದೆ ಸಾರ್, ಕ್ಲೀನ್ ಮಾಡಿಸಿಬಿಡಿ." ಹೇಗೆ ಮಾಡಿಸೋದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರು ಟ್ಯಾಂಕಿಗೆ ಬಾಟಲಿ ಸುರಿ ಅಂತಾರೆ, ಇನ್ನೊಬ್ಬರು ಹೈಡ್ರೋಜನ್ ಮೆಷಿನ್ ಹಾಕಿಸು ಅಂತಾರೆ. ನನ್ನ ಟರ್ಬೊ ಸೆಡಾನ್ ಮೇಲೆ ಎಲ್ಲವನ್ನೂ ಒಂದಾದ ಮೇಲೆ ಒಂದು ಮಾಡಿ ನೋಡಿದೆ. ಮಧ್ಯೆ ಮಧ್ಯೆ ಥ್ರಾಟಲ್ ಬಾಡಿ ಬಿಚ್ಚಿ, ಮೊಬೈಲಿಗೆ ಸಿಗಿಸುವ ಅಗ್ಗದ ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿ, ಒಂದೇ ವಾಲ್ವಿನ ಫೋಟೋ ತೆಗೆದಿಟ್ಟೆ. ಮಾತಿಗಿಂತ ಫೋಟೋ ವಾಸಿ, ಅಲ್ವಾ?

ಈ ತೊಂದರೆ ಯಾಕೆ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಮಾಮೂಲಿ ಇಂಜಿನ್‌ನಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರುವುದು ಇನ್‌ಟೇಕ್ ಪೋರ್ಟಿನಲ್ಲಿ, ಅಂದರೆ ಗಾಳಿ ಸಿಲಿಂಡರಿಗೆ ಹೋಗುವ ದಾರಿಯಲ್ಲಿ. ಮೂರು-ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲ್ ಆ ದಾರಿಯ ಬಾಗಿಲಾದ ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ಬೀಳುತ್ತದೆ, ಅದನ್ನು ತೊಳೆಯುತ್ತಲೇ ಒಳಗೆ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ನೂರು ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ನೇರ ಸಿಲಿಂಡರಿಗೇ ಸಿಂಪಡಣೆ. ವಾಲ್ವಿನ ಬೆನ್ನಿಗೆ ಒಂದು ಹನಿ ಪೆಟ್ರೋಲೂ ತಾಗುವುದಿಲ್ಲ. ಆದರೆ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಪಿಸಿವಿ (ಅಲ್ಲಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಕಳಿಸುವ ವ್ಯವಸ್ಥೆ) ಮೂಲಕ ಬರುವ ಆಯಿಲ್ ಆವಿ ಮಾತ್ರ ತಾಗುತ್ತಲೇ ಇರುತ್ತದೆ. ಬಿಸಿ ವಾಲ್ವಿನ ಮೇಲೆ ಕೂತು ಪದರ ಪದರವಾಗಿ ಸುಟ್ಟು ಗಟ್ಟಿಯಾಗುತ್ತದೆ. ಸೀಗೇಪುಡಿ ಹಾಕಿ ಉಜ್ಜಿದರೂ ಬಿಡದ ಹಳೇ ಕಬ್ಬಿಣದ ಬಾಣಲೆಯ ತಳ ನೋಡಿದ್ದೀರಲ್ಲ, ಥೇಟ್ ಹಾಗೆ.

ಇದೇನೂ ಹೊಸ ಸುದ್ದಿ ಅಲ್ಲ. ಮಿತ್ಸುಬಿಷಿ 1996ರಲ್ಲೇ ಜಿಡಿಐ, ಅಂದರೆ ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಇರುವ ಗ್ಯಾಲಂಟ್ ಕಾರು ತಂದಿತ್ತು. ಟೊಯೋಟಾ ತನ್ನ ಡಿ-4ಎಸ್ ಇಂಜಿನ್‌ಗಳಲ್ಲಿ ಪೋರ್ಟಿಗೊಂದು, ಸಿಲಿಂಡರಿಗೊಂದು ಅಂತ ಎರಡೂ ಇಂಜೆಕ್ಟರ್ ಇಟ್ಟಿತು. ಅದರಿಂದ ವಾಲ್ವಿಗೆ ಆಗಾಗ ಪೆಟ್ರೋಲ್ ಸ್ನಾನವೂ ಆಗುತ್ತದೆ. ನಮ್ಮಲ್ಲಿ ಓಡುವ ಹಳೆಯ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಸಿಲಿಂಡರಿಗೆ ಮಾತ್ರ ಇಂಜೆಕ್ಟರ್ ಇರುವವು ಬಹಳ.

ನನ್ನ ಕಾರಿನ ಲಕ್ಷಣ ಇಷ್ಟು: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಡುಕ, ಒಂದೆರಡು ನಿಮಿಷದಲ್ಲಿ ತಾನಾಗೇ ಸರಿ. ಸ್ಕ್ಯಾನರ್‌ನಲ್ಲಿ ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಇಂಥದ್ದು ಕಂಡ ಕೂಡಲೇ ಕಾರ್ಬನ್ ಅಂತ ತೀರ್ಮಾನ ಮಾಡಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ಹೊಸದು ಹಾಕಿ. ಆಮೇಲೆ ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ ನೋಡಿ. ಮಿಸ್‌ಫೈರ್ ಕೂಡ ಮೂರಕ್ಕೆ ಹೋದರೆ ಕಾಯಿಲ್ ಹೋಗಿದೆ ಅಂತ ಅರ್ಥ, ಕಾರ್ಬನ್ ಮಾತೇ ಬೇಡ. ನನ್ನದು ಎರಡರಲ್ಲೇ ಉಳಿಯಿತು. ಕ್ಯಾಮೆರಾ ಹಾಕಿದರೆ ವಾಲ್ವಿನ ಕಾಂಡದ ಸುತ್ತ ಕಪ್ಪು ಗಂಟು. ಅದರ ಒಂದು ಮೂಲೆಯಲ್ಲಿ ಇಂಗ್ಲಿಷಿನ 'ವೈ' ಅಕ್ಷರದ ಹಾಗೆ ಸೀಳು. ಆ ಸೀಳನ್ನೇ ನಾನು ಗುರುತಿಗೆ ಇಟ್ಟುಕೊಂಡೆ.

ಮೊದಲು ಬಾಟಲಿ. ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಒಂದು ಟ್ಯಾಂಕ್ ಪೂರ್ತಿ ಮುಗಿಸಿ ನೋಡಿದರೆ 'ವೈ' ಅಲ್ಲೇ ಇದೆ, ಒಂದು ಕೂದಲೆಳೆ ಕದಲಿಲ್ಲ. ಕದಲುವುದಾದರೂ ಹೇಗೆ? ಪೆಟ್ರೋಲೇ ಹೋಗದ ಜಾಗಕ್ಕೆ ಪೆಟ್ರೋಲಿನಲ್ಲಿ ಬೆರೆಸಿದ್ದು ಹೋಗುವುದಿಲ್ಲ. ಹಾಗಂತ ಬಾಟಲಿ ದಂಡ ಅಂತ ಹೇಳುತ್ತಿಲ್ಲ. ಡೈರೆಕ್ಟ್ ಇಂಜೆಕ್ಟರಿನ ತುದಿ ಇರುವುದು ಬೆಂಕಿಯ ಬಾಯಲ್ಲೇ. ಅಲ್ಲಿ ಮಸಿ ಕಟ್ಟಿದರೆ ಸಿಂಪಡಣೆಯ ಆಕಾರ ಕೆಡುತ್ತದೆ. ಒಳ್ಳೆಯ ಡಿಟರ್ಜೆಂಟ್ ಇರುವ ಬಾಟಲಿ ಆ ತುದಿಗೆ ಉಪಯೋಗ. ವಾಲ್ವಿಗಲ್ಲ, ಅಷ್ಟೇ. ಬಂಕಿನ 95 ಆಕ್ಟೇನ್ ಪೆಟ್ರೋಲಿಗೂ ಇದೇ ಲೆಕ್ಕ. ನಾಕಿಂಗ್ (ಇಂಜಿನ್ನಿನ ಟಕಟಕ ಸದ್ದು) ಇದ್ದರೆ ಹಾಕಿಸಿ, ವಾಲ್ವ್ ತೊಳೆಯುತ್ತದೆ ಅಂತ ಹಾಕಿಸಬೇಡಿ.

ಎರಡನೆಯದು ಬಿಟ್ಟಿ ಉಪಾಯ: "ಹೈವೇಗೆ ತಗೊಂಡು ಹೋಗಿ ಚೆನ್ನಾಗಿ ಎಳೀರಿ, ಕಾರ್ಬನ್ ಎಲ್ಲಾ ಸುಟ್ಟು ಹೋಗುತ್ತೆ." ತುಮಕೂರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲೇ ಇಟ್ಟು ಆರ್‌ಪಿಎಂ ಏರಿಸಿಕೊಂಡು ಹೋಗಿ ಬಂದೆ. ಮಜಾ ಬಂತು. ವಾಲ್ವ್ ಹಾಗೇ ಇತ್ತು. ಎಕ್ಸಾಸ್ಟ್ ಕಡೆಯ ಮಸಿ ಸುಡಬಹುದು. ಆದರೆ ಇನ್‌ಟೇಕ್ ವಾಲ್ವಿನ ಬೆನ್ನಿಗೆ ತಣ್ಣನೆ ಗಾಳಿ ಬಡಿಯುತ್ತಲೇ ಇರುತ್ತದೆ, ಗಟ್ಟಿ ಕಾರ್ಬನ್ ಸುಡುವಷ್ಟು ಅದು ಕಾಯುವುದಿಲ್ಲ. ಇದರ ನಿಜವಾದ ಲಾಭ ಬೇರೆ. ಸಿಟಿಯಲ್ಲಿ ಬರೀ ಎರಡು ಕಿಲೋಮೀಟರ್ ಓಡುವ ಕಾರಿನ ಆಯಿಲ್‌ಗೆ ಪೆಟ್ರೋಲೂ ನೀರಿನಂಶವೂ ಸೇರುತ್ತವೆ. ದೂರ ಓಡಿಸಿದರೆ ಅವು ಆರುತ್ತವೆ.

ಮೂರನೆಯದು ಹೈಡ್ರೋಜನ್. ಈಗ ಬೆಂಗಳೂರಿನಲ್ಲಿ ಇದರ ಬೋರ್ಡು ಜಾಸ್ತಿ. ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಮೆಷಿನ್‌ನಿಂದ ಬರುವ ಅನಿಲವನ್ನು ಇನ್‌ಟೇಕ್ ಪೈಪಿಗೆ ಬಿಡುತ್ತಾರೆ. ಮುಕ್ಕಾಲು ಗಂಟೆಯ ಕೆಲಸ, ಕೆಲವು ಸಾವಿರ ಖರ್ಚು. ನಾನು ಹೋದ ಕಡೆ ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದು, "ನೋಡಿ ಸಾರ್, ಹೆಂಗೆ ಬರ್ತಿದೆ ಮಸಿ" ಅಂತ ತೋರಿಸಿದರು. ಬಟ್ಟೆ ಕಪ್ಪಾಗಿತ್ತು, ನಿಜ. ಹಳೇ ಕಾರಿನ ಸೈಲೆನ್ಸರಿಗೆ ಯಾವತ್ತು ಬಟ್ಟೆ ಹಿಡಿದರೂ ಕಪ್ಪಾಗುತ್ತದೆ, ಬಿಡಿ. ಪ್ಲಗ್ ತೂತಿನಿಂದ ನೋಡಿದಾಗ ಪಿಸ್ಟನ್ ತಲೆ ಸ್ವಲ್ಪ ತಿಳಿಯಾದ ಹಾಗೆ ಕಂಡಿತು. ವಾಲ್ವಿನ 'ವೈ' ಮಾತ್ರ ನನ್ನನ್ನೇ ನೋಡುತ್ತಿತ್ತು. ಹೈಡ್ರೋಜನ್ ಉರಿಯುವುದು ಸಿಲಿಂಡರ್ ಒಳಗೆ, ನಮ್ಮ ಕೊಳೆ ಇರುವುದು ಬಾಗಿಲಿನ ಆಚೆ. ಐದರಲ್ಲಿ ನಾನು ಮತ್ತೆ ದುಡ್ಡು ಕೊಡದೇ ಇರುವುದು ಇದೊಂದಕ್ಕೆ.

ನಾಲ್ಕನೆಯದು ಇನ್‌ಟೇಕ್ ಸ್ಪ್ರೇ. ಇದು ವಾಲ್ವಿನ ಬೆನ್ನಿಗೇ ತಾಗುವ ದ್ರಾವಣ. ಬಿಸಿ ಇಂಜಿನ್ನನ್ನು ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಸಿಂಪಡಿಸಬೇಕು. ಆಮೇಲೆ ಒಂದು ಗಂಟೆ ನೆನೆಯಲು ಬಿಟ್ಟು, ಹೊರಗೆ ಓಡಿಸಿಕೊಂಡು ಬರಬೇಕು. ಬಿಳಿ ಹೊಗೆ ನೋಡಿ ಪಕ್ಕದ ಮನೆಯವರು ಓಡಿ ಬಂದರೆ ಗಾಬರಿ ಬೇಡ. ಟರ್ಬೊ ಕಾರಿನಲ್ಲಿ ಏರ್ ಫಿಲ್ಟರ್ ಪಕ್ಕದಲ್ಲಿ ಸಿಂಪಡಿಸಿದರೆ ದ್ರಾವಣ ಟರ್ಬೊ, ಇಂಟರ್‌ಕೂಲರ್ ಎಲ್ಲ ಸುತ್ತಿ ಬರಬೇಕು. ಅಲ್ಲಿ ಕೂತ ಹಳೇ ಆಯಿಲನ್ನೂ ಎಳೆದು ತರುತ್ತದೆ. ಅದಕ್ಕೇ ನಾನು ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ ಹತ್ತಿರ ಬಿಟ್ಟೆ. ಒಂದೇ ಸಲ ಜಾಸ್ತಿ ಬಿಡಲೇಬಾರದು. ದ್ರವ ಸಿಲಿಂಡರಿನಲ್ಲಿ ತುಂಬಿಕೊಂಡರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ ಇದೆ.

ಫೋಟೋದಲ್ಲಿ ಮೊದಲ ಸಲ ವ್ಯತ್ಯಾಸ ಕಂಡಿದ್ದು ಇಲ್ಲೇ. ಮೇಲಿನ ಒದ್ದೆ, ಹೊಳೆಯುವ ಪದರ ಹೋಗಿತ್ತು. 'ವೈ' ಸೀಳು ಅಗಲವಾಗಿತ್ತು, ಅಂಚು ಮೆತ್ತಗಾಗಿತ್ತು. ಕೆಳಗಿನ ಗಟ್ಟಿ ಗಂಟು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಮಿಸ್‌ಫೈರ್ ಕೌಂಟ್ ಕಮ್ಮಿಯಾಯಿತು, ನಿಲ್ಲಲಿಲ್ಲ. ವರ್ಷಗಟ್ಟಲೆ ಗಟ್ಟಿಯಾದದ್ದಕ್ಕೆ ಸ್ಪ್ರೇ ಸಾಲದು. ಆದರೆ ಒಮ್ಮೆ ಸ್ವಚ್ಛವಾದ ವಾಲ್ವಿಗೆ ಪ್ರತಿ ಆಯಿಲ್ ಚೇಂಜಿಗೆ ಮುಂಚೆ ಒಂದು ಕ್ಯಾನ್ ಬಿಡುವುದು ಒಳ್ಳೆಯ ಅಭ್ಯಾಸ. ಆಯಿಲ್ ಚೇಂಜಿಗೆ ಮುಂಚೆಯೇ ಯಾಕೆ ಅಂದರೆ, ಸ್ವಲ್ಪ ದ್ರಾವಣ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ.

ಕೊನೆಗೆ ವಾಲ್‌ನಟ್. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಪೂರ್ತಿ ಬಿಚ್ಚಬೇಕು, ಹೆಡ್ ಬಿಚ್ಚುವುದು ಬೇಡ. ನುರಿತ ಕೈಯಾದರೂ ಒಂದು ದಿನದ ಕೆಲಸ, ಹತ್ತು ಸಾವಿರದ ಮೇಲೇ ಬಿಲ್. ಮೆಕ್ಯಾನಿಕ್ ಮೊದಲು ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ತಿರುಗಿಸಿ, ಆ ಸಿಲಿಂಡರಿನ ಎರಡೂ ಇನ್‌ಟೇಕ್ ವಾಲ್ವ್ ಮುಚ್ಚಿದ್ದಾವಾ ಅಂತ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ಪೋರ್ಟಿನ ಬಾಯಿಗೆ ಪ್ಲಾಸ್ಟಿಕ್ ಅಡಾಪ್ಟರ್ ಕೂರಿಸಿದರು. ಅದಕ್ಕೆ ಒಂದು ಕಡೆ ವ್ಯಾಕ್ಯೂಮ್ ಪೈಪು, ಇನ್ನೊಂದು ಕಡೆ ಕಂಪ್ರೆಸರ್ ಗನ್. ಪುಡಿ ಮಾಡಿದ ವಾಲ್‌ನಟ್ ಚಿಪ್ಪು ಸರ್ರನೆ ಬಡಿಯುತ್ತದೆ. ಈ ಚಿಪ್ಪು ಕಾರ್ಬನ್ ಕೆರೆಯುವಷ್ಟು ಗಟ್ಟಿ, ವಾಲ್ವಿನ ಉಕ್ಕನ್ನಾಗಲಿ ಹೆಡ್ಡಿನ ಅಲ್ಯೂಮಿನಿಯಮನ್ನಾಗಲಿ ಗೀರುವಷ್ಟು ಗಟ್ಟಿಯಲ್ಲ. ಮೊದಲ ಸುತ್ತಿಗೇ ಬೆಳ್ಳಿ ಬಣ್ಣ ಇಣುಕಿತು. ಕಾಂಡದ ಹಿಂಬದಿಯಲ್ಲಿ ಗನ್ ಎಟುಕದ ಕಡೆ ಹಿತ್ತಾಳೆ ಕಡ್ಡಿಯಿಂದ ಕೆರೆದರು, ಮತ್ತೆ ಗನ್, ಮತ್ತೆ ಗಾಳಿ.

ಮರುದಿನ ಬೆಳಿಗ್ಗೆ ತಣ್ಣನೆ ಸ್ಟಾರ್ಟ್‌ನಲ್ಲಿ ಮಿಸ್‌ಫೈರ್ ಕೌಂಟ್ ಸೊನ್ನೆ. ಆರ್‌ಪಿಎಂ ಮುಳ್ಳು ಕದಲಲಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಪಿಕಪ್ ವಾಪಸ್ ಬಂತು. ಮೈಲೇಜ್? ಹೆಚ್ಚುಕಮ್ಮಿ ಅಷ್ಟೇ. ಇದರಿಂದ ಮೈಲೇಜ್ ಸಿಕ್ಕಾಪಟ್ಟೆ ಏರುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಬನ್ನಿ.

ಕ್ಲೀನಿಂಗ್ ಜೊತೆಗೆ ಕೊಳೆ ಬರುವ ದಾರಿಯನ್ನೂ ನೋಡಬೇಕಾಯಿತು. ಪಿಸಿವಿ ವಾಲ್ವಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹಳತಾಗಿ ಹರಿದರೆ ಆಯಿಲ್ ಆವಿ ವಿಪರೀತ ನುಗ್ಗುತ್ತದೆ. ನನ್ನದನ್ನು ಬದಲಿಸಿದೆ, ದೊಡ್ಡ ಖರ್ಚಲ್ಲ. ಸ್ನೇಹಿತನೊಬ್ಬ ಆ ಆವಿಯನ್ನು ದಾರಿಯಲ್ಲೇ ಹಿಡಿದಿಡುವ ಡಬ್ಬಿ, ಕ್ಯಾಚ್ ಕ್ಯಾನ್, ಹಾಕಿಸಿದ್ದಾನೆ. ಚಳಿಗಾಲದಲ್ಲಿ ಅದರೊಳಗೆ ಹಾಲು ಬೆರೆಸಿದ ಕಾಫಿ ಬಣ್ಣದ, ಪೆಟ್ರೋಲ್ ನಾತದ ನೀರು ನಿಲ್ಲುತ್ತದೆ. ಉಪಯೋಗ ಇದೆ, ಆದರೆ ಆಗಾಗ ಖಾಲಿ ಮಾಡುವ ತಾಳ್ಮೆ ನನಗಿಲ್ಲ. ಅದರ ಬದಲು ಕಂಪನಿ ಹೇಳಿದ ಗ್ರೇಡಿನ ಫುಲ್ ಸಿಂಥೆಟಿಕ್ ಆಯಿಲನ್ನೇ ಹಾಕಿ, ಅವರು ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸುತ್ತೇನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇಂಜಿನ್ ಓಡುತ್ತಿದ್ದರೂ ಮೀಟರ್ ಓಡುವುದಿಲ್ಲವಲ್ಲ!

ಸದ್ಯಕ್ಕೆ ನನ್ನ ಪದ್ಧತಿ: ನಡುಕ ಇದ್ದು, ಪ್ಲಗ್, ಕಾಯಿಲ್ ಸರಿ ಇದ್ದರೆ ನೇರ ವಾಲ್‌ನಟ್. ಆಮೇಲೆ ಸ್ಪ್ರೇ, ಆಗೊಮ್ಮೆ ಈಗೊಮ್ಮೆ ಬಾಟಲಿ. ವಾಲ್‌ನಟ್‌ಗೆ ಕಾರು ಬಿಡುವ ಮುಂಚೆ ಗ್ಯಾರೇಜಿನಲ್ಲಿ ಮೂರು ವಿಷಯ ಕೇಳಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೊಸದು ಹಾಕ್ತೀರಾ? ಇಂಜೆಕ್ಟರ್ ಹೊರಗೆ ಬಂದರೆ ಅದರ ಟೆಫ್ಲಾನ್ ಸೀಲ್ ಬದಲಿಸೋಕೆ ಟೂಲ್ ಇದೆಯಾ? ಒಂದೊಂದು ಸಿಲಿಂಡರ್ ಶುರು ಮಾಡುವ ಮುಂಚೆ ವಾಲ್ವ್ ಮುಚ್ಚಿರೋದನ್ನ ಹೆಂಗೆ ನೋಡ್ತೀರಾ? ಮೂರನೆಯದಕ್ಕೆ ಅವರು ತಡವರಿಸಿದರೆ ಕೀ ವಾಪಸ್ ತಗೊಳ್ಳಿ. ತೆರೆದ ವಾಲ್ವಿನಿಂದ ಚಿಪ್ಪಿನ ಪುಡಿ ಸಿಲಿಂಡರಿಗೆ ಹೋದರೆ, ಅದನ್ನು ಹೊರಗೆ ತೆಗೆಯುವ ಖರ್ಚು ಕ್ಲೀನಿಂಗಿನ ಬಿಲ್ಲನ್ನೂ ಮೀರುತ್ತದೆ.