ಕ್ಯಾರವಾನ್ ಎಳೆಯುವ ಗಾಡಿಗೆ ವಿಮೆ: ರಾಜಾಜಿನಗರದ ಒಂದು ಸಲಹಾ ಕಚೇರಿಯ ಸೇವೆ ಹೇಗಿದೆ

ಬೆಂಗಳೂರಿನಲ್ಲಿ ಕಾರಿಗೋ ಸ್ಕೂಟರಿಗೋ ವಿಮೆ ಮಾಡಿಸುವುದು ಈಗ ಮೊಬೈಲಿನಲ್ಲೇ ಮುಗಿದುಹೋಗುವ ಕೆಲಸ. ಆದರೆ ಹಾಸಿಗೆ, ಅಡುಗೆಕಟ್ಟೆ, ನೀರಿನ ಟ್ಯಾಂಕು ಎಲ್ಲವೂ ಇರುವ ಕ್ಯಾರವಾನ್ ಟ್ರೈಲರೊಂದನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಸಕಲೇಶಪುರಕ್ಕೋ ಗೋಕರ್ಣಕ್ಕೋ ಹೊರಡಬೇಕೆಂದಿರುವವರಿಗೆ ಆ ಆಪ್‌ಗಳಲ್ಲಿ ಒತ್ತಲು ಸರಿಯಾದ ಗುಂಡಿಯೇ ಸಿಗುವುದಿಲ್ಲ. ಇಂಥ ಜೋಡಿ ವಾಹನಗಳಿಗೆ ಪಾಲಿಸಿ ಬರೆಸಿಕೊಡುವ ರಾಜಾಜಿನಗರದ ಒಂದು ಹಳೆಯ ವಿಮಾ ಸಲಹಾ ಕಚೇರಿಯ ಸೇವೆಯನ್ನು ಪಾಲಿಸಿ ಮಾಡಿಸುವಾಗ, ಕ್ಲೇಮ್ ಹಾಕುವಾಗ ಮತ್ತು ನವೀಕರಣದ ಹೊತ್ತಿನಲ್ಲಿ ಬಳಸಿ ನೋಡಿದ್ದೇನೆ. ಆಕ್ಷೇಪಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ. ಪ್ರೀಮಿಯಂ ಎಷ್ಟು ಎಂದು ಕೇಳಿದವರಿಗೆ ಮೊತ್ತ ಹೇಳುವ ಮೊದಲು ಆರ್‌ಸಿ ತೋರಿಸಿ ಎನ್ನುವ ಈ ಕಚೇರಿಯ ಅಭ್ಯಾಸವೇ ಅದರ ಅತಿ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ.

ನಾವು ಅಲ್ಲಿಗೆ ಹೋದದ್ದು ಬೇರೆಯೇ ಲೆಕ್ಕಾಚಾರದೊಂದಿಗೆ. ನೆಲಮಂಗಲದಲ್ಲಿ ಲಾರಿ ವ್ಯವಹಾರ ನಡೆಸುವ ನಮ್ಮ ಭಾವನ ಬಳಿ ಟ್ರೈಲರ್ ಎಳೆಯುವ ಹಳೆಯ ಲಾರಿಯೊಂದರ ತಲೆಭಾಗ ಕೆಲಸವಿಲ್ಲದೆ ನಿಂತಿತ್ತು. ಅಮೆರಿಕದಲ್ಲಿ ನಿವೃತ್ತ ದಂಪತಿಗಳು ವೋಲ್ವೊ, ಫ್ರೈಟ್‌ಲೈನರ್‌ನಂಥ ಭಾರೀ ಲಾರಿಗಳ ಹಿಂದೆ ಮನೆಯಷ್ಟೇ ದೊಡ್ಡ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುವುದನ್ನು ವಿಡಿಯೊಗಳಲ್ಲಿ ನೋಡಿದ್ದ ಅವರಿಗೆ, ಅದನ್ನೇ ಇಲ್ಲಿ ಏಕೆ ಮಾಡಬಾರದು ಎನ್ನಿಸಿತ್ತು. ಮೂವತ್ತು ನಲವತ್ತು ಟನ್ ಎಳೆದ ಎಂಜಿನ್ನಿಗೆ ಎರಡು ಟನ್ನಿನ ಕ್ಯಾರವಾನ್ ಯಾವ ಲೆಕ್ಕ ಎಂಬುದು ಅವರ ವಾದ. ಕಚೇರಿಯಲ್ಲಿದ್ದ ಮೇಡಂ ಅದನ್ನು ಪೂರ್ತಿ ಕೇಳಿಸಿಕೊಂಡು, "ಸಾರ್, ಎಂಜಿನ್ ಎಳೆಯುತ್ತೆ, ಪಾಲಿಸಿ ಎಳೆಯಲ್ಲ" ಎಂದು ನಕ್ಕು, ಭಾವನ ಲಾರಿಯ ಚಾಲ್ತಿ ಪಾಲಿಸಿಯನ್ನೇ ತಿರುವಿ, ಬಳಕೆಯ ಮಿತಿಗಳು ಎಂಬ ಭಾಗದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು.

ಲಾರಿ ಇಟ್ಟುಕೊಂಡಿರುವ ಬಹಳಷ್ಟು ಮಂದಿ ಓದಿಯೇ ಇರದ ಭಾಗ ಅದು. ಸರಕು ವಾಹನದ ಪಾಲಿಸಿಯು ಮೋಟಾರು ವಾಹನ ಕಾಯ್ದೆಯ ಪ್ರಕಾರದ ಪರ್ಮಿಟ್ಟಿನ ಅಡಿಯಲ್ಲಿ ನಡೆಯುವ ಬಳಕೆಗೆ ಮಾತ್ರ ಅನ್ವಯಿಸುತ್ತದೆ. ಕೆಟ್ಟು ನಿಂತ ಒಂದು ವಾಹನವನ್ನು ಬಾಡಿಗೆ ಪಡೆಯದೆ ಎಳೆದುಕೊಂಡು ಹೋಗುವುದನ್ನು ಬಿಟ್ಟರೆ, ಟ್ರೈಲರ್ ಎಳೆಯುತ್ತಿರುವಾಗಿನ ಬಳಕೆಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಹಾಗಾಗಿ ಟ್ರೈಲರ್ ಲಾರಿಗಳವರು ಹಿಂದಿನ ಭಾಗವನ್ನೂ ಪಾಲಿಸಿಯಲ್ಲಿ ಕಾಣಿಸಿ ಅದಕ್ಕೂ ಪ್ರೀಮಿಯಂ ಕಟ್ಟಿರುತ್ತಾರೆ. ಸರಕಿನ ಟ್ರೈಲರ್ ಬಿಚ್ಚಿ ಆ ಜಾಗದಲ್ಲಿ ಮೋಜಿನ ಕ್ಯಾರವಾನ್ ಕೂರಿಸಿ ಕುಟುಂಬದೊಂದಿಗೆ ಹೊರಟರೆ ಪರ್ಮಿಟ್ಟಿನ ಉದ್ದೇಶ ಮತ್ತು ಬಳಕೆಯ ಮಿತಿ ಎರಡನ್ನೂ ದಾಟಿದಂತೆ. ದಾರಿಯಲ್ಲಿ ಯಾರಿಗಾದರೂ ಪೆಟ್ಟಾದರೆ, ನ್ಯಾಯಮಂಡಳಿಯ ಆದೇಶದಂತೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಅದೇ ಹಣವನ್ನು ಮಾಲೀಕರಿಂದ ವಸೂಲು ಮಾಡುವ ಸಾಧ್ಯತೆ ಇದೆ. ಮೊದಲು ಪಾವತಿ, ನಂತರ ವಸೂಲಿ ಎಂಬ ಈ ಕ್ರಮಕ್ಕೆ ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನ ಬಲವಿದೆ. ಭಾವನಿಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಲಾರಿ ಓಡಿಸಿದ ಮನುಷ್ಯ ಅರ್ಧ ನಿಮಿಷ ಮಾತೇ ಆಡಲಿಲ್ಲ.

ಹಾಗಾದರೆ ಅಮೆರಿಕದವರಿಗೆ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೂ ಅಲ್ಲಿ ತಾಳ್ಮೆಯ ಉತ್ತರ ಸಿಕ್ಕಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಲಾರಿಯ ಕ್ಯಾಬಿನ್ನಿನೊಳಗೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇದ್ದರೆ ಅದನ್ನು ವಾಣಿಜ್ಯ ದಾಖಲೆಯಿಂದ ತೆಗೆದು ಮೋಟಾರ್‌ಹೋಮ್ ಎಂದು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಒಟ್ಟು ತೂಕ 26,001 ಪೌಂಡ್ ಮುಟ್ಟಿದರೆ, ಅಂದರೆ ಸುಮಾರು 11,800 ಕೆ.ಜಿ. ಆದರೆ, ವಾಣಿಜ್ಯ ಲೈಸೆನ್ಸ್ ಬೇಕೆಂಬ ನಿಯಮದಿಂದ ಸ್ವಂತ ವಿಹಾರದ ಬಳಕೆಗೆ ಬಹುತೇಕ ರಾಜ್ಯಗಳು ವಿನಾಯಿತಿ ಕೊಡುತ್ತವೆ. ಕೆಲವು ರಾಜ್ಯಗಳು ಮಾತ್ರ ವಾಣಿಜ್ಯೇತರ ಭಾರೀ ಲೈಸೆನ್ಸ್ ಕೇಳುತ್ತವೆ. ಇಷ್ಟೆಲ್ಲ ಇದ್ದರೂ ಇಂಥ ಲಾರಿಗೆ ವೈಯಕ್ತಿಕ ಬಳಕೆಯ ಪಾಲಿಸಿ ಬರೆಯುವ ಕಂಪನಿಗಳು ಅಲ್ಲೂ ಬೆರಳೆಣಿಕೆಯಷ್ಟೇ. ನಮ್ಮಲ್ಲಿ ಸರಕು ವಾಹನ ಎಂದು ನೋಂದಣಿಯಾದದ್ದನ್ನು ಬದಲಿಸುವುದು ಕಾಯ್ದೆಯ 52ನೆಯ ಸೆಕ್ಷನ್ನಿನ ಅಡಿಯಲ್ಲಿ ಆರ್‌ಟಿಒ ಅನುಮತಿಗೆ ಒಳಪಟ್ಟ ವಿಷಯ, ಮತ್ತು ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡಿಗೆ ಅನುಮತಿ ಸುಲಭವಲ್ಲ. ಅದರ ಮೇಲೆ ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಬೇಕು, ದಟ್ಟಣೆಯ ವೇಳೆಯಲ್ಲಿ ನಗರದೊಳಗೆ ಭಾರೀ ಸರಕು ವಾಹನಗಳಿಗೆ ನಿರ್ಬಂಧವಿದೆ. ಕ್ಯಾರವಾನ್ ಕಟ್ಟಿಕೊಂಡು ನೆಲಮಂಗಲದಿಂದ ಮಲ್ಲೇಶ್ವರದ ಮನೆ ಬಾಗಿಲಿಗೆ ಬರುವುದೇ ಒಂದು ಯೋಜನೆಯಾಗುತ್ತಿತ್ತು.

ಯಂತ್ರದ ದೃಷ್ಟಿಯಿಂದಲೂ ಜೋಡಿ ಕೂಡಿಬರುವುದಿಲ್ಲ ಎಂಬುದನ್ನು ಭಾವನೇ ಆಮೇಲೆ ಒಪ್ಪಿಕೊಂಡರು. ನಮ್ಮ ಭಾರೀ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು, ಕ್ಯಾರವಾನಿನ ದೀಪ, ಪಂಪು, ಎಲೆಕ್ಟ್ರಿಕ್ ಬ್ರೇಕು 12 ವೋಲ್ಟಿನವು. ಲಾರಿಯದು ಗಾಳಿಯ ಬ್ರೇಕು, ಕ್ಯಾರವಾನಿಗೆ ಗಾಳಿಯ ಪೈಪೇ ಇಲ್ಲ. ಭಾರ ಹೊರಲೆಂದೇ ಕಟ್ಟಿದ ಪಟ್ಟಿ ಸ್ಪ್ರಿಂಗುಗಳ ಮೇಲೆ ಭಾರವಿಲ್ಲದೆ ಓಡುವ ಲಾರಿ, ಹಗುರವಾದ ಕ್ಯಾರವಾನನ್ನು ಗುಂಡಿ ಬಿದ್ದಲ್ಲೆಲ್ಲ ಕುಕ್ಕಿ ಕುಕ್ಕಿ ಅದರ ಕೀಲುಗಳನ್ನೇ ಸಡಿಲಗೊಳಿಸುತ್ತದೆ. ಅಮೆರಿಕದವರು ಇದಕ್ಕಾಗಿಯೇ ಗಾಳಿಚೀಲದ ಹಿಚ್ (ಟ್ರೈಲರ್ ಜೋಡಿಸುವ ಕೊಂಡಿ) ಹಾಕಿಸಿ, ಹಿಂದಿನ ಒಂದು ಆ್ಯಕ್ಸೆಲ್ಲನ್ನು ತೆಗೆಸಿ, ಕ್ಯಾಬಿನ್ನಿನ ಹಿಂದಿನ ಜಾಗದಲ್ಲಿ ಸಣ್ಣ ಕಾರೊಂದನ್ನು ಅಡ್ಡಲಾಗಿ ಹೊತ್ತೊಯ್ಯುತ್ತಾರೆ. ಹಣದ ಲೆಕ್ಕವೂ ಹೀಗೆಯೇ ಇದೆ: 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 40,000 ಕೆ.ಜಿ. ಮೀರಿದ ಸರಕು ವಾಹನಕ್ಕೆ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ ವರ್ಷಕ್ಕೆ 44,242 ರೂಪಾಯಿ, 1500 ಸಿಸಿ ಮೀರಿದ ಖಾಸಗಿ ಕಾರಿಗೆ 7,897 ರೂಪಾಯಿ.

ಕೊನೆಗೆ ನಾವು ಮಾಡಿದ್ದು, ಬಿಳಿ ಬೋರ್ಡಿನ ಡೀಸೆಲ್ ಪಿಕಪ್ ಒಂದರ ಹಿಂದೆ ಸಣ್ಣ ಕ್ಯಾರವಾನ್ ಟ್ರೈಲರ್. ಕಚೇರಿಯ ಸೇವೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ ಆಗಿರುವುದರಿಂದ, ಎಂಜಿನ್ ಇಲ್ಲದಿದ್ದರೂ ಅದಕ್ಕೆ ನೋಂದಣಿ ಮತ್ತು ವಿಮೆ ಬೇಕು. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಜೈಲಿನ ಅವಕಾಶವೂ ಇದೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೈಲರನ್ನು ಕೇಂದ್ರ ಸರ್ಕಾರದ 2004ರ ನವೆಂಬರ್ ಅಧಿಸೂಚನೆ ಸಾರಿಗೆಯೇತರ ವಾಹನಗಳ ಸಾಲಿಗೆ ಸೇರಿಸಿದೆ ಎಂಬುದನ್ನು ಮೇಡಂ ಮುದ್ರಿಸಿಟ್ಟುಕೊಂಡಿದ್ದರು, ಅದರ ಒಂದು ಪ್ರತಿಯನ್ನು ಆರ್‌ಟಿಒ ಕೌಂಟರಿನಲ್ಲಿ ತೋರಿಸಲೆಂದು ನಮಗೂ ಕೊಟ್ಟರು. ಪೀಣ್ಯದಲ್ಲಿ ಯಾರಿಂದಲಾದರೂ ಬೆಸುಗೆ ಹಾಕಿಸಿಕೊಂಡರೆ ಆಯಿತು ಎನ್ನುತ್ತಿದ್ದವರಿಗೆ ಮಾರಾಟದ ಫಾರ್ಮ್ 21, ರಸ್ತೆ ಯೋಗ್ಯತೆಯ ಫಾರ್ಮ್ 22 ಕೊಡಬಲ್ಲ ತಯಾರಕರ ಬಳಿಗೇ ಹೋಗಿ ಎಂದು ಹೇಳಿ ಕಳುಹಿಸಿದ್ದೂ ಅವರೇ. ಲೈಸೆನ್ಸಿನ ಸಂಗತಿಯನ್ನೂ ಅವರು ಬಿಡಲಿಲ್ಲ: 7,500 ಕೆ.ಜಿ. ಮೀರದ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ, ಭಾವನ ಲಾರಿಗೆ ಅದು ಎಲ್ಲಿಯೂ ಸಾಲುತ್ತಿರಲಿಲ್ಲ.

ಪಾಲಿಸಿಯಲ್ಲಿ ಟ್ರೈಲರ್ ಒಳಗೆ ಬಂದದ್ದು ಐಎಂಟಿ 30 ಎಂಬ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತಿನ ಮೂಲಕ. ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ಹಳೆಯ ವಿಮಾ ದರಪಟ್ಟಿಯ ಕಾಲದ ಈ ಷರತ್ತು ಖಾಸಗಿ ಕಾರುಗಳಿಗೆ ಮಾತ್ರ ಇರುವುದು; ಅದರಲ್ಲಿ ಟ್ರೈಲರಿನ ನೋಂದಣಿ ಸಂಖ್ಯೆ ಮತ್ತು ಅದರ ಪ್ರತ್ಯೇಕ ಐಡಿವಿ (ವಿಮೆಗಾಗಿ ಘೋಷಿಸಿದ ಬೆಲೆ) ನಮೂದಾಗಬೇಕು. ಷರತ್ತಿನ ಕೆಳಗಿನ ಸಾಲುಗಳನ್ನು ಮೇಡಂ ನಮ್ಮ ಕೈಯಲ್ಲೇ ಓದಿಸಿದರು. ಟ್ರೈಲರ್ ಎಂದರೆ ಅದರೊಳಗಿನ ಸಾಮಾನು ಸೇರುವುದಿಲ್ಲ. ಓಡುತ್ತಿರುವ ಟ್ರೈಲರಿನೊಳಗೆ ಕುಳಿತವರಿಗೆ ಪೆಟ್ಟಾದರೆ, ಅವರು ಕೆಲಸದ ಕರಾರಿನ ಮೇಲೆ ಅಲ್ಲಿದ್ದವರಲ್ಲದಿದ್ದರೆ, ರಕ್ಷಣೆ ಇಲ್ಲ. ಮಕ್ಕಳು ಹಿಂದೆ ಹಾಸಿಗೆಯ ಮೇಲೆ ಮಲಗಿಕೊಂಡು ಬರಲಿ ಎಂದು ಅಕ್ಕ ಹೇಳುತ್ತಿದ್ದ ಮಾತು ಅಲ್ಲಿಗೆ ನಿಂತಿತು. ಫ್ರಿಜ್ಜು, ಇನ್ವರ್ಟರ್, ಸೌರ ಫಲಕಗಳ ಬೆಲೆಯನ್ನು ಬಿಲ್ಲಿನೊಂದಿಗೆ ಪ್ರತ್ಯೇಕವಾಗಿ ಘೋಷಿಸಿ ಐಎಂಟಿ 24ರ ಅಡಿ ಸೇರಿಸಬೇಕು, ಅದಕ್ಕೆ ಟ್ಯಾರಿಫ್‌ನ ಹಳೆಯ ಲೆಕ್ಕದಲ್ಲಿ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ. ಗ್ಯಾಸ್ ಸಿಲಿಂಡರ್ ಎಲ್ಲಿ ಇಡುತ್ತೀರಿ, ಕಟ್ಟಲು ಬೆಲ್ಟ್ ಇದೆಯೇ, ಆ ಖಾನೆಯ ತಳದಲ್ಲಿ ಗಾಳಿಯಾಡಲು ರಂಧ್ರ ಬಿಟ್ಟಿದ್ದಾರೆಯೇ ಎಂದು ಕೇಳಿ ಫೋಟೊ ತರಿಸಿಕೊಂಡರು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ರಂಧ್ರ ಮೇಲಿದ್ದರೆ ಪ್ರಯೋಜನವಿಲ್ಲ ಎಂದು ವಿಮಾ ಕಚೇರಿಯವರು ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ.

ಕ್ಲೇಮ್ ಹಾಕುವ ಸಂದರ್ಭ ಸಕಲೇಶಪುರದ ತೋಟವೊಂದರಲ್ಲಿ ಬಂತು. ರಾತ್ರಿಯ ಗಾಳಿಮಳೆಗೆ ಸಿಲ್ವರ್ ಓಕಿನ ಕೊಂಬೆಯೊಂದು ಮುರಿದು ಬಿದ್ದು ಕ್ಯಾರವಾನಿನ ಚಾವಣಿಯ ಮೂಲೆ ಸೀಳಿತು. ಫೈಬರಿನ ಪದರಗಳ ನಡುವಿನ ಫೋಮು ನೀರು ಹೀರಿಕೊಂಡು ಒತ್ತಿದರೆ ಬೆರಳು ಒಳಗೆ ಹೋಗುವಂತಾಗಿತ್ತು. ಪಿಕಪ್ ಬಿಚ್ಚಿ ಬೇರೆಡೆ ನಿಲ್ಲಿಸಿದ್ದರಿಂದ, ಘಟನೆಯ ವೇಳೆ ಟ್ರೈಲರ್ ವಾಹನಕ್ಕೆ ಜೋಡಣೆಯಾಗಿತ್ತೇ ಎಂಬುದು ಹಾನಿಯ ಅಂದಾಜು ಮಾಡಲು ಬಂದ ಸರ್ವೇಯರರ ಮೊದಲ ಪ್ರಶ್ನೆಯಾಯಿತು. ಟ್ರೈಲರಿಗೆ ಸ್ವಂತ ಐಡಿವಿ ಇದೆ, ಸ್ವಂತ ಹಾನಿಯ ರಕ್ಷಣೆ ಅದಕ್ಕೂ ಬರೆಯಲಾಗಿದೆ ಎಂದು ಕಚೇರಿಯವರು ಎಂಡಾರ್ಸ್‌ಮೆಂಟಿನ ಪ್ರತಿಯೊಂದಿಗೆ ಪತ್ರ ಬರೆದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಹಣ ಪೂರ್ತಿ ಬರಲಿಲ್ಲ, ಬರುವುದಿಲ್ಲವೆಂದು ಮೊದಲೇ ಹೇಳಿದ್ದರು. ಮೋಟಾರು ಪಾಲಿಸಿಯ ಸವಕಳಿ ಪಟ್ಟಿಯಲ್ಲಿ ಫೈಬರ್ ಭಾಗಗಳಿಗೆ ಶೇ 30, ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ 50 ಕಡಿತ, ಗಾಜಿಗೆ ಮಾತ್ರ ಕಡಿತವಿಲ್ಲ. ಕ್ಯಾರವಾನಿನ ಮೈಯೇ ಫೈಬರ್ ಆಗಿರುವಾಗ ಈ ಶೇ 30 ಸಣ್ಣ ಮೊತ್ತವಲ್ಲ, ಈ ಸವಕಳಿ ಕಡಿತವನ್ನು ತಪ್ಪಿಸುವ ಜೀರೊ ಡೆಪ್ರಿಸಿಯೇಷನ್ ಸೌಲಭ್ಯವಾದರೋ ನಮ್ಮ ಪಾಲಿಸಿಯಲ್ಲಿ ಪಿಕಪ್‌ಗೆ ಮಾತ್ರ ಇತ್ತು.

ಆಕ್ಷೇಪಗಳಿಗೆ ಬರುತ್ತೇನೆ. ಕಚೇರಿ ಮೊದಲ ಮಹಡಿಯಲ್ಲಿದೆ, ಮೆಟ್ಟಿಲುಗಳು ಕಡಿದಾಗಿವೆ, ಕೆಳಗೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಸಂಜೆ ಆರರ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಪ್ರವಾಸದಲ್ಲಿ ತೊಂದರೆ ಬರುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಎಂಬುದನ್ನು ಅವರು ಗಮನಕ್ಕೆ ತೆಗೆದುಕೊಳ್ಳಬೇಕು. ರಸ್ತೆಬದಿ ನೆರವಿನ ಸೌಲಭ್ಯ ಕೊಡಿಸಿದರಾದರೂ, ಪಿಕಪ್ ಕೆಟ್ಟರೆ ಅದನ್ನು ಮಾತ್ರ ಎತ್ತಿಕೊಂಡು ಹೋಗುತ್ತಾರೆ, ಟ್ರೈಲರನ್ನು ಹೆದ್ದಾರಿಯ ಪಕ್ಕದಲ್ಲೇ ಬಿಡುತ್ತಾರೆ ಎಂಬುದನ್ನು ನಾವೇ ಕೇಳಿ ತಿಳಿಯಬೇಕಾಯಿತು. ಆರ್‌ಸಿಯನ್ನು ಅಕ್ಷರ ಅಕ್ಷರ ಓದುವ ಕಚೇರಿ ಇದನ್ನು ತಾನಾಗಿ ಹೇಳದಿದ್ದುದು ಆಶ್ಚರ್ಯ. ಹಾಗೆಯೇ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರೈಲರ್‌ಗಳಿಗೆ ನಿಷೇಧವಿದೆ ಎಂದು ಅಲ್ಲಿನ ಒಬ್ಬ ಹುಡುಗ ಹೇಳಿದ್ದು ಪೂರ್ತಿ ಸರಿಯಲ್ಲ. ಆ ನಿಷೇಧದ ಪಟ್ಟಿಯಲ್ಲಿರುವುದು ಬೈಕು, ಆಟೊಗಳ ಜೊತೆಗೆ ಕೃಷಿ ಟ್ರ್ಯಾಕ್ಟರ್ ಮತ್ತು ಅದರ ಟ್ರೈಲರ್, ಹೆಚ್ಚು ಆ್ಯಕ್ಸೆಲ್ಲಿನ ಹೈಡ್ರಾಲಿಕ್ ಟ್ರೈಲರ್ ಮುಂತಾದವು.

ಇದೆಲ್ಲಕ್ಕಿಂತ ದೊಡ್ಡ ದೂರು ನವೀಕರಣದ್ದು, ಅದರಲ್ಲಿ ತಪ್ಪು ವಿಮಾ ಕಂಪನಿಯದು. ಅವಧಿ ಮುಗಿಯುವ ಮುನ್ನ ಕಂಪನಿ ಕಳುಹಿಸಿದ ಲಿಂಕಿನಲ್ಲಿ ಪಿಕಪ್‌ನ ವಿವರಗಳೆಲ್ಲ ಸರಿಯಾಗಿದ್ದವು, ಟ್ರೈಲರಿನ ಎಂಡಾರ್ಸ್‌ಮೆಂಟ್ ಮಾತ್ರ ಕಾಣೆಯಾಗಿತ್ತು. ಪ್ರೀಮಿಯಂ ಸ್ವಲ್ಪ ಕಡಿಮೆಯಾದ ಖುಷಿಯಲ್ಲಿ ಹಣ ಕಟ್ಟಿದವರು ಅಂದಿನಿಂದಲೇ ವಿಮೆಯಿಲ್ಲದ ವಾಹನವೊಂದನ್ನು ಎಳೆಯುತ್ತಿರುತ್ತಾರೆ. ಕಚೇರಿಯವರು ಅದನ್ನು ಹಿಡಿದು, ಹೊಸ ಪಾಲಿಸಿಯಲ್ಲಿ ಐಎಂಟಿ 30 ಮತ್ತು 24 ಎರಡನ್ನೂ ಕೈಯಾರೆ ಸೇರಿಸಿಸಿಕೊಟ್ಟರು. ಇದಕ್ಕೆ ಪ್ರತ್ಯೇಕ ಶುಲ್ಕ ಕೇಳಲಿಲ್ಲ, ಕಂಪನಿಯಿಂದ ಬರುವ ಕಮಿಷನ್ನೇ ಅವರ ಆದಾಯ.

ಟ್ರೈಲರ್ ಇನ್ನೂ ಕೊಂಡಿಲ್ಲದವರಿಗೆ ಈ ಕಚೇರಿಯಿಂದ ಹೆಚ್ಚಿನ ಉಪಯೋಗ, ಕೊಂಡು ನೋಂದಣಿಯಲ್ಲಿ ಸಿಕ್ಕಿಕೊಂಡವರಿಗೆ ಕಡಿಮೆ. ಲಾರಿಗೆ ಕ್ಯಾರವಾನ್ ಕಟ್ಟುವ ಆಸೆಯವರು ಹೋಗುವುದಾದರೆ ಲಾರಿಯ ಆರ್‌ಸಿ, ಪರ್ಮಿಟ್ಟು, ಚಾಲ್ತಿ ಪಾಲಿಸಿಯ ಎಲ್ಲ ಪುಟಗಳು, ಚಾಲಕರ ಲೈಸೆನ್ಸ್ ಮತ್ತು ಟ್ರೈಲರ್ ತಯಾರಕರು ಕೊಟ್ಟ ದರಪಟ್ಟಿಯನ್ನು ಒಟ್ಟಿಗೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಮೊದಲ ಪುಟ ಮಾತ್ರ ಒಯ್ದರೆ ಉಳಿದವುಗಳಿಗಾಗಿ ಮೆಟ್ಟಿಲು ಇಳಿಸಿ ಮತ್ತೆ ಕಳುಹಿಸುತ್ತಾರೆ.