ಮಾಡೆಲ್ ಟಿ ಎಂಜಿನ್ ಮಾರಿಸಿಕೊಟ್ಟ ಜೆ.ಸಿ. ರಸ್ತೆಯ ಅಂಗಡಿ

ಬಸವನಗುಡಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಕುಳಿತಿದ್ದ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ನನ್ನು ಕೊನೆಗೂ ಮಾರಿದೆವು. ಗಾಡಿ ಎಂದೋ ಹೋಗಿತ್ತು. ಹೊಸಕೋಟೆಯ ತೋಟದಲ್ಲಿ ನೀರೆತ್ತಲೆಂದು ತಾತ ಎಂಜಿನ್ ಮಾತ್ರ ಉಳಿಸಿಕೊಂಡಿದ್ದರು. ಶಿವಾಜಿನಗರದ ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋದ ಮೇಲೆ, ಹಳೆಯ ವಾಹನಗಳ ಬಿಡಿಭಾಗಗಳನ್ನು ಶೇಕಡಾ 12ರ ಕಮಿಷನ್ನಿಗೆ ಮಾರಿಸಿಕೊಡುವ, ಜೆ.ಸಿ. ರಸ್ತೆಯ ಅಡ್ಡರಸ್ತೆಯೊಂದರ ಅಂಗಡಿಗೆ ಅದನ್ನು ಒಪ್ಪಿಸಿದೆವು.

ಅಂಗಡಿಯ ಯಜಮಾನರ ತಿಳಿವಳಿಕೆಯನ್ನು ಮೆಚ್ಚಲೇಬೇಕು. ತಂತಿ ಬ್ರಷ್ ಹಿಡಿದು ಬಂದ ಹುಡುಗನನ್ನು ಅವರು ಅಲ್ಲೇ ತಡೆದು, ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಒಡಲಿನ, ಎಡಬದಿಯಲ್ಲಿ ನೀರಿನ ಕೊಳವೆ ಸೇರುವ ಜಾಗದ ಹತ್ತಿರವಿರುವ ಚಪ್ಪಟೆ ಭಾಗವನ್ನು ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿದರು. ಬಿಳಿಯ ಗೆರೆಗಳಲ್ಲಿ ಎಂಜಿನ್ ಸಂಖ್ಯೆ ಮೂಡಿತು. ಅದರ ಮುಂದಿದ್ದ ‘ಸಿ’ ಅಕ್ಷರವನ್ನು ತೋರಿಸಿ, ಇದು ಅಮೆರಿಕದ್ದಲ್ಲ, ಕೆನಡಾದ ಕಾರ್ಖಾನೆಯದು ಎಂದರು. ಪಟ್ಟಿಯೊಂದಿಗೆ ತಾಳೆ ನೋಡಿದಾಗ ಸಿಕ್ಕ ವರ್ಷ 1923. ಮರದ ಪೆಟ್ಟಿಗೆಯಲ್ಲಿದ್ದ, ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ನಾಲ್ಕು ಕಾಯಿಲುಗಳಿಗೆ ಆರು ವೋಲ್ಟಿನ ಬ್ಯಾಟರಿ ಕೊಟ್ಟು ಒಂದೊಂದಾಗಿ ಪರೀಕ್ಷಿಸಿದಾಗ, ಮೂರು ಜೀರುಂಡೆಯಂತೆ ಸದ್ದು ಮಾಡಿ ನೀಲಿ ಕಿಡಿ ಹಾರಿಸಿದವು, ನಾಲ್ಕನೆಯದು ಮಾತ್ರ ಸುಮ್ಮನಿತ್ತು.

ಇನ್ನೂ ಹಿಡಿಸಿದ್ದು, ಅವರು ಆಸೆ ಹುಟ್ಟಿಸಲಿಲ್ಲ ಎಂಬುದು. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿಗಳು ತಯಾರಾಗಿವೆ, ಎಂಜಿನ್ ಅಂತೂ 1941ರವರೆಗೂ ತಯಾರಾಗುತ್ತಿತ್ತು, ಆದ್ದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಯಾರೂ ಹಣ ಸುರಿಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಬ್ಲಾಕ್ ಬಿರುಕು ಬಿಟ್ಟಿಲ್ಲ, ಎಂಜಿನ್ನಿನ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ 16 ಅಯಸ್ಕಾಂತಗಳೂ ಜಾಗದಲ್ಲಿವೆ, ಕಾಯಿಲ್ ಪೆಟ್ಟಿಗೆ ಜೊತೆಗಿದೆ, ಬೆಲೆ ಬರುವುದು ಇವಕ್ಕೆ ಎಂದರು. ವಿದೇಶದ ಗಿರಾಕಿಯೊಬ್ಬರು ಹೆಚ್ಚು ಕೊಡಲು ಸಿದ್ಧರಿದ್ದರೂ, ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡಬರುತ್ತದೆಂದು ನೆನಪಿಸಿ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. (ನಮಗೆ ಆ ಕಾಯ್ದೆ ಎಂದರೆ ದೇವಸ್ಥಾನದ ವಿಗ್ರಹಗಳಷ್ಟೇ ನೆನಪಾಗುತ್ತಿದ್ದವು.)

ತಕರಾರಿರುವುದು ಕಾಗದಪತ್ರದ ವಿಚಾರದಲ್ಲಿ. ನಮಗೆ ಕೊಟ್ಟ ರಸೀದಿಯಲ್ಲಿ ‘ಹಳೇ ಎಂಜಿನ್ 1’ ಎಂದಷ್ಟೇ ಬರೆದಿದ್ದರು, ನಾವೂ ಕೇಳದೆ ತಪ್ಪು ಮಾಡಿದೆವು. ಮೈಸೂರಿನ ಗಿರಾಕಿ ನೋಡಲು ಬಂದ ದಿನ ಪೆಟ್ಟಿಗೆ ತೆರೆದರೆ, ಸದ್ದು ಮಾಡುತ್ತಿದ್ದ ಮೂರು ಕಾಯಿಲುಗಳಲ್ಲಿ ಒಂದರ ಬದಲು ಮೂಲೆ ಒಡೆದ, ಬೇರೆ ಬಣ್ಣದ ಮರದ ಕಾಯಿಲೊಂದು ಕುಳಿತಿತ್ತು. ಇನ್ನೊಂದು ಗಾಡಿಯನ್ನು ಚಾಲೂ ಮಾಡಿ ತೋರಿಸಲು ನಿಮ್ಮದನ್ನು ತೆಗೆದುಕೊಂಡಿದ್ದೆವು, ಗಾಡಿಯೊಂದಿಗೆ ಅದೂ ಹೋಯಿತು ಎಂದು ಹುಡುಗ ಒಪ್ಪಿಕೊಂಡ. ಗಿರಾಕಿ ಎಂಟು ಸಾವಿರ ಇಳಿಸಿದರು; ಅಂಗಡಿಯವರು ತಮ್ಮ ಕಮಿಷನ್ನಿನಲ್ಲಿ ಬಿಟ್ಟುಕೊಟ್ಟದ್ದು ಎರಡೇ ಸಾವಿರ. ಹದಿನೈದು ದಿನಕ್ಕೆ ಬರಬೇಕಿದ್ದ ಹಣ, ಮೂರು ಸಲ ಹೋಗಿ ನಿಂತ ಮೇಲೆ ನಲವತ್ತನೆಯ ದಿನಕ್ಕೆ ಬಂತು.

ಅದೇ ಗಾಡಿಯ ರೇಡಿಯೇಟರ್ ಇನ್ನೂ ನಮ್ಮ ಅಟ್ಟದ ಮೇಲಿದೆ. ಅದನ್ನೂ ಇವರಿಗೇ ಕೊಡುತ್ತೇನೆ, ಆದರೆ ಮುಚ್ಚಳದಿಂದ ಹಿಡಿದು ಬೋಲ್ಟಿನವರೆಗೆ ಫೋಟೋ ತೆಗೆದು, ಪಟ್ಟಿ ಬರೆಸಿ, ಯಜಮಾನರಿಂದಲೇ ಸಹಿ ಹಾಕಿಸಿಕೊಂಡ ಮೇಲೆ.