ಜಂಬಿಟ್ಟಿಗೆ ಮನೆಯ ವೈಫೈ: ರಿಪೀಟರ್, ಮೆಶ್, ಕೇಬಲ್ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಜಗಲಿಯ ಇಂಟರ್ನೆಟ್ಟನ್ನು ಮಹಡಿಗೆ ಮುಟ್ಟಿಸಲು ನಾನು ಬಳಸಿ ನೋಡಿದ ಮೂರು ದಾರಿಗಳಲ್ಲಿ ಲ್ಯಾನ್ ಕೇಬಲ್ ಎಳೆದು ಅದರ ತುದಿಗೆ ಎರಡನೆಯ ರೂಟರ್ ಕೂರಿಸುವುದೇ ಸರಿಯಾದದ್ದು. ಬಂದ ವೈಫೈಯನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರಿಗೆ ಹಾಕಿದ ದುಡ್ಡು ದಂಡ. ಒಂದೇ ವೈಫೈ ಜಾಲವಾಗಿ ಕೆಲಸ ಮಾಡುವ ಪೆಟ್ಟಿಗೆಗಳ ಸೆಟ್, ಅಂದರೆ ಮೆಶ್, ಒಳ್ಳೆಯದೇ, ಆದರೆ ನಮ್ಮಂಥ ಮನೆಯಲ್ಲಿ ಕೊಟ್ಟ ಬೆಲೆಗೆ ತಕ್ಕ ಪ್ರಯೋಜನ ಸಿಗುವುದಿಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೆಯ ಮನೆ. ಗೋಡೆಗಳೆಲ್ಲ ಜಂಬಿಟ್ಟಿಗೆಯವು, ಒಂದು ಅಡಿಗೂ ಮೀರಿದ ದಪ್ಪ. ಫೈಬರ್ ಕಂಬದಿಂದ ನೇರವಾಗಿ ಜಗಲಿಗೆ ಬಂದಿದೆ, ಇಂಟರ್ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆಯೂ ಅಲ್ಲೇ ಇದೆ. ನಾನು ಕೆಲಸಕ್ಕೆ ಕೂರುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ಜಗಲಿಯಲ್ಲಿ 150 ಎಂಬಿಪಿಎಸ್ ಪೂರ್ತಿ ಬರುತ್ತದೆ. ಮಹಡಿಯಲ್ಲಿ 5 ಗಿಗಾಹರ್ಟ್ಸ್ ವೈಫೈನ ಸುಳಿವೇ ಇರುವುದಿಲ್ಲ. 2.4 ಗಿಗಾಹರ್ಟ್ಸ್ ಒಂದು ಗೆರೆ ತೋರಿಸುತ್ತದೆ, ವಿಡಿಯೊ ಕರೆಯ ನಡುವೆ ಕೈಕೊಡುತ್ತದೆ. ತರಂಗದ ಆವರ್ತನ ಹೆಚ್ಚಿದಷ್ಟೂ ಗೋಡೆಯಲ್ಲಿ ಸೋರಿಹೋಗುವುದು ಹೆಚ್ಚು. ಮಳೆಗಾಲದಲ್ಲಿ ನೀರು ಕುಡಿದ ಜಂಬಿಟ್ಟಿಗೆಯಂತೂ ಇನ್ನಷ್ಟು ನುಂಗುತ್ತದೆ.

ಅಕ್ಕಪಕ್ಕದ ವೈಫೈಗಳ ಗದ್ದಲ ತಪ್ಪಿಸಲು ಚಾನೆಲನ್ನು (ವೈಫೈ ಓಡುವ ತರಂಗದ ಹಾದಿಯನ್ನು) 1, 6, 11 ಎಂದು ಬದಲಿಸುತ್ತ ಕೂರುವುದು ಅಪಾರ್ಟ್‌ಮೆಂಟಿನವರಿಗೆ ಸರಿ. ಅಕ್ಕಪಕ್ಕ ಮನೆಯೇ ಇಲ್ಲದ ನಮಗೆ ಅದರಿಂದ ಏನೂ ಆಗಲಿಲ್ಲ.

ಮೊದಲು ಕೊಂಡದ್ದು ರಿಪೀಟರ್. ಸಾಕೆಟ್ಟಿಗೆ ಸಿಕ್ಕಿಸಿ, ಪಾಸ್‌ವರ್ಡ್ ಹೊಡೆಯದೆಯೇ ಜೋಡಿಸುವ ಡಬ್ಲ್ಯುಪಿಎಸ್ ಗುಂಡಿ ಒತ್ತಿದರೆ ಆಯಿತು. ಮೊಬೈಲಿನಲ್ಲಿ ನಾಲ್ಕೂ ಗೆರೆ ತುಂಬಿ ಕಾಣುತ್ತವೆ, ವೇಗ ಮಾತ್ರ ಇಲ್ಲ. ಆ ಗೆರೆಗಳು ಹೇಳುವುದು ಮೊಬೈಲಿಗೂ ರಿಪೀಟರಿಗೂ ಇರುವ ಸಂಬಂಧವನ್ನಷ್ಟೇ. ರಿಪೀಟರಿಗೂ ಜಗಲಿಯ ಪೆಟ್ಟಿಗೆಗೂ ನಡುವೆ ಅದೇ ಗೋಡೆಗಳಿವೆ. ಸಾಲದ್ದಕ್ಕೆ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ಹಾಗಾಗಿ ಬಂದ ವೇಗದಲ್ಲೂ ಅರ್ಧ ಅಲ್ಲೇ ಖರ್ಚಾಗುತ್ತದೆ. ಡಬ್ಬಿಯ ಮೇಲೆ ಅಚ್ಚಾದ 300 ಎಂಬಿಪಿಎಸ್ ಸಂಖ್ಯೆಗೂ ನನ್ನ ಕೋಣೆಗೂ ಯಾವ ಸಂಬಂಧವೂ ಇರಲಿಲ್ಲ.

ಮೆಶ್ ಸೆಟ್ ನನ್ನದಲ್ಲ. ಬೆಂಗಳೂರಿನ ಭಾವ ರಜೆಗೆ ಬಂದಾಗ ತಂದಿದ್ದರು. ಜೋಡಿಸುವ ಸುಖ ಅದರದ್ದೇ: ಆ್ಯಪ್ ತೆರೆದು, ಕ್ಯೂಆರ್ ಕೋಡ್ ತೋರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಎರಡೂ ಪೆಟ್ಟಿಗೆ ತಾವಾಗಿ ಕೈ ಹಿಡಿಯುತ್ತವೆ. ಕರೆಯಲ್ಲಿ ಮಾತಾಡುತ್ತ ಮೆಟ್ಟಿಲು ಹತ್ತಿದರೂ ಮಾತು ಕಡಿಯುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಈಗಿನ ವ್ಯವಸ್ಥೆಗಿಂತ ಅದು ಮೇಲು, ಒಪ್ಪುತ್ತೇನೆ. ಆದರೆ ಎರಡನೆಯ ಪೆಟ್ಟಿಗೆಯೂ ಮೊದಲನೆಯದನ್ನು ಗಾಳಿಯಲ್ಲೇ ಹಿಡಿಯಬೇಕಲ್ಲ! ನನ್ನ ಕೋಣೆಯಲ್ಲಿಟ್ಟರೆ ಅದರ ದೀಪ ಕೆಂಪಾಗುತ್ತಿತ್ತು, ಮೆಟ್ಟಿಲ ತಿರುವಿನಲ್ಲಿಟ್ಟರೆ ಹಸಿರಾಗುತ್ತಿತ್ತು, ಆದರೆ ಅಲ್ಲಿಂದ ಕೋಣೆಗೆ ಮತ್ತೊಂದು ಗೋಡೆ. ಮೆಶ್ ಪೆಟ್ಟಿಗೆಗಳ ನಡುವೆ ಲ್ಯಾನ್ ಕೇಬಲ್ ಹಾಕಲು ಬರುತ್ತದೆ, ಹಾಕಿದರೆ ಚೆನ್ನಾಗಿಯೂ ಓಡುತ್ತದೆ. ಕೇಬಲ್ ಎಳೆಯುವುದೇ ಆದಮೇಲೆ ಅಷ್ಟು ದುಬಾರಿ ಸೆಟ್ ಏಕೆ ಬೇಕು?

ಹಾಗಾಗಿ ಮೀಟರ್ ಲೆಕ್ಕದಲ್ಲಿ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ತಂದು ಅಟ್ಟದ ಒಳಗಿನಿಂದ ಎಳೆಸಿದೆ. ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ ತೆಗೆದುಕೊಳ್ಳಿ. ಅಗ್ಗದ ಸುರುಳಿಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ. ರೂಟರ್ ಟಿಪಿ-ಲಿಂಕ್‌ನ ಆರ್ಚರ್ ಸಿ6. ಅದನ್ನೇ ಆರಿಸಲು ಕಾರಣ, ಅದರ ಲ್ಯಾನ್ ಪೋರ್ಟುಗಳು ಗಿಗಾಬಿಟ್ (1000 ಎಂಬಿಪಿಎಸ್) ಮತ್ತು ಆ್ಯಕ್ಸೆಸ್ ಪಾಯಿಂಟ್ ಮೋಡ್ (ಹೊಸ ಜಾಲ ಕಟ್ಟದೆ ಕೆಳಗಿನ ಜಾಲವನ್ನೇ ವೈಫೈ ಆಗಿ ಹರಡುವುದು) ಸೆಟ್ಟಿಂಗಿನಲ್ಲೇ ಸಿಗುತ್ತದೆ.

ಆ ಮೋಡ್ ಮುಖ್ಯ. ರೂಟರನ್ನು ರೂಟರ್ ಆಗಿಯೇ ಬಿಟ್ಟು ಕೇಬಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ಟಿಗೆಂದು ಇರುವ) ಪೋರ್ಟಿಗೆ ಚುಚ್ಚಿದರೂ ಇಂಟರ್ನೆಟ್ ಬರುತ್ತದೆ, ಆದರೆ ಮನೆಯೊಳಗೆ ಎರಡು ಬೇರೆ ಜಾಲಗಳಾಗುತ್ತವೆ. ಮಹಡಿಯ ಲ್ಯಾಪ್‌ಟಾಪ್ ಹುಡುಕಿದರೆ ಜಗಲಿಯ ಪ್ರಿಂಟರ್ ಸಿಗುವುದಿಲ್ಲ. ನಿಮ್ಮ ರೂಟರಿನಲ್ಲಿ ಈ ಮೋಡ್ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ ಬಿಟ್ಟು ಯಾವುದಾದರೂ ಲ್ಯಾನ್ ಪೋರ್ಟಿಗೆ ಹಾಕಿ. ಕೆಳಗಿನ ಪೆಟ್ಟಿಗೆಯ ವಿಳಾಸ 192.168.1.1 ಆಗಿದ್ದರೆ ಇಷ್ಟು ಸಾಕು. ಎರಡಕ್ಕೂ ಒಂದೇ ವಿಳಾಸ ಉಳಿದರೆ ಜಗಳ ತಪ್ಪದು. ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ ಬೇರೆ.

ಇಷ್ಟೆಲ್ಲ ಆದಮೇಲೆ ಬಂತು ನೋಡಿ ತಲೆನೋವು. ಮಹಡಿಯಲ್ಲಿ ವೇಗ 94 ಎಂಬಿಪಿಎಸ್. ಬೆಳಿಗ್ಗೆ ನೋಡಿದರೂ 94, ರಾತ್ರಿ ನೋಡಿದರೂ 94. ವೈಫೈ ದುರ್ಬಲವಾಗಿದ್ದರೆ ಸಂಖ್ಯೆ ಏರಿಳಿಯಬೇಕು, ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ. 100 ಎಂಬಿಪಿಎಸ್ ತಂತಿಯಲ್ಲಿ ಪ್ಯಾಕೆಟ್ಟುಗಳ ಮೇಲ್ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 94. ಅಂದರೆ ಗಿಗಾಬಿಟ್ ಆಗಿರಬೇಕಾದ ಎಲ್ಲೋ ಒಂದು ಕೊಂಡಿ 100ಕ್ಕೆ ಇಳಿದಿದೆ.

ಕಂಪನಿಯ ಪೆಟ್ಟಿಗೆಯ ಮೇಲೆ ಮೊದಲ ಅನುಮಾನ ಬಂತು. ಕೆಲವು ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇದ್ದು ಉಳಿದವು 100ರವೇ ಆಗಿರುತ್ತವೆ. ನನ್ನ ಕೇಬಲ್ ಇದ್ದದ್ದು ಗಿಗಾಬಿಟ್ ಪೋರ್ಟಿನಲ್ಲೇ. ಆಮೇಲೆ ರೂಟರನ್ನು ಜಗಲಿಗೆ ಇಳಿಸಿ, ಡಬ್ಬಿಯಲ್ಲಿ ಬಂದಿದ್ದ ಗಿಡ್ಡ ಕೇಬಲಿನಿಂದ ಜೋಡಿಸಿದೆ. ವೇಗ 150 ಮುಟ್ಟಿತು. ಹಾಗಾದರೆ ದೋಷ ಅಟ್ಟದ ಕೇಬಲಿನದ್ದೇ.

ಮಹಡಿಯ ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದಾಗ ಎಲ್ಲ ತಿಳಿಯಿತು. ಆರ್‌ಜೆ45 ಪ್ಲಗ್ಗಿನಲ್ಲಿ ಎಂಟು ತೋಡುಗಳಿವೆ, ತಂತಿ ಇದ್ದದ್ದು ನಾಲ್ಕರಲ್ಲಿ: ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ ಜೋಡಿಯನ್ನೂ ಕಂದು ಜೋಡಿಯನ್ನೂ ಹೊರಕವಚದ ಬುಡಕ್ಕೇ ಕತ್ತರಿಸಿ ಬಿಟ್ಟಿದ್ದರು. ಪ್ಲಗ್ ಹಾಕಿಕೊಟ್ಟವನು ಸಿಸಿಟಿವಿ ಕೆಲಸದ ಹುಡುಗ. ಕ್ಯಾಮೆರಾಗೆ 100 ಎಂಬಿಪಿಎಸ್ ಧಾರಾಳವಾಗಿ ಸಾಕು, ಅದಕ್ಕೆ ನಾಲ್ಕು ತಂತಿ ಸಾಕು, ಅವನ ಕೈಗೆ ಅದೇ ರೂಢಿ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕೇ ಬೇಕು. ಸಿಗದಿದ್ದರೆ ಎಷ್ಟೋ ಪೆಟ್ಟಿಗೆಗಳು ಯಾವ ದೂರೂ ಇಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಎಲ್ಲೂ ಕೆಂಪು ದೀಪ ಉರಿಯುವುದಿಲ್ಲ, ಆದ್ದರಿಂದಲೇ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗಬಹುದು. ಕಟ್ಟುವ ದುಡ್ಡಿಗೆ ಸಿಗಬೇಕಾದ ವೇಗ ಹೀಗೆ ಪ್ಲಗ್ಗಿನೊಳಗೆ ಕಳೆದುಹೋಗುವುದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿಸಿದೆ. ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್ಗಿನ ಕೊಕ್ಕೆ ಕೆಳಮುಖವಾಗಿರಬೇಕು, ಎರಡೂ ತುದಿಯಲ್ಲಿ ಇದೇ ಕ್ರಮ. ಕೆಲಸದವರು ಇರುವಾಗಲೇ ಲ್ಯಾಪ್‌ಟಾಪಿಗೆ ಚುಚ್ಚಿ ಕೊಂಡಿಯ ವೇಗ 1000 ಎಂದು ತೋರಿಸುತ್ತಿದೆಯೇ ನೋಡಿ, ಆಮೇಲೆ ಹಣ ಕೊಡಿ. ಈಗ ಮಹಡಿಯಲ್ಲೂ ಜಗಲಿಯಷ್ಟೇ ವೇಗ, ಮಳೆ ಹೊಯ್ದರೂ ವ್ಯತ್ಯಾಸವಿಲ್ಲ.

ಕೊರತೆ ಇಲ್ಲವೆಂದಲ್ಲ. ಮೆಟ್ಟಿಲು ಹತ್ತುವಾಗ ಮೊಬೈಲ್ ಕೆಳಗಿನ ಪೆಟ್ಟಿಗೆಯನ್ನು ಬೇಗ ಬಿಡುವುದಿಲ್ಲ, ಕರೆ ಒಂದು ಗಳಿಗೆ ತೊದಲುತ್ತದೆ. ನಾನು ಕೂತಲ್ಲೇ ಮಾತಾಡುವವನು, ನನಗದು ದೊಡ್ಡದಲ್ಲ. ಇನ್ನೊಂದು ಸಿಡಿಲು. ತಾಮ್ರದ ಕೇಬಲ್ ಎರಡೂ ಪೆಟ್ಟಿಗೆಗಳನ್ನು ಒಟ್ಟಿಗೆ ಅಪಾಯಕ್ಕೆ ಒಡ್ಡುತ್ತದೆ. ಅದಕ್ಕೇ ಸೂರಿನ ಹೊರಗೆ ಎಳೆಸಲಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಅಡಾಪ್ಟರುಗಳನ್ನೂ ಲ್ಯಾನ್ ಪ್ಲಗ್ಗನ್ನೂ ಕಿತ್ತಿಡುತ್ತೇನೆ.

ಕರೆಂಟಿನ ವಿಷಯ: ನನ್ನ ಎರಡೂ ಪೆಟ್ಟಿಗೆ 12 ವೋಲ್ಟಿನವು, ಒಂದೊಂದಕ್ಕೂ ಮಿನಿ ಯುಪಿಎಸ್ ಇದೆ.

ಖರ್ಚು ರೂಟರ್, ಕೇಬಲ್, ಕೂಲಿ ಸೇರಿ 4,000 ರೂಪಾಯಿಯ ಒಳಗೆ ಮುಗಿಯಿತು. ಅದಕ್ಕಿಂತ ಹೆಚ್ಚು ಹಾಕುವ ಮನಸ್ಸು ನನಗಿರಲಿಲ್ಲ. ಬಾಡಿಗೆ ಮನೆಯಲ್ಲಿದ್ದು ಗೋಡೆಗೆ ರಂಧ್ರ ಕೊರೆಯಲು ಮಾಲೀಕರು ಬಿಡದಿದ್ದರೆ, ಗೋಡೆಗಳೂ ತೆಳುವಾಗಿದ್ದರೆ ಮೆಶ್ ಕೊಳ್ಳಿ. ಸ್ವಂತ ಮನೆ, ದಪ್ಪ ಗೋಡೆ ಇದ್ದವರು ಕೇಬಲನ್ನೇ ಎಳೆಸಿ. ಅಟ್ಟ ಹತ್ತಿದ ಮೇಲೆ ಒಂದರ ಜೊತೆಗೆ ಇನ್ನೊಂದನ್ನೂ ಎಳೆಸಿಡಿ: ಇಲಿ ಕಡಿದ ದಿನ ಮತ್ತೆ ಹೆಂಚು ಸರಿಸುವ ಕೆಲಸ ತಪ್ಪುತ್ತದೆ.